ಫಾರ್ಮ್ ಹೋಯ್ತು, ಸಂಬಳ ಇಳಿಸ್ತೀವಿ ಅಂತ ಕ್ಲಬ್ ಹೇಳಿದರೆ ಫುಟ್‌ಬಾಲ್ ಆಟಗಾರ ಏನು ಮಾಡಬೇಕು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಟ ಕೆಟ್ಟಿದೆ ಅನ್ನೋ ಒಂದೇ ಕಾರಣಕ್ಕೆ, ಸಹಿ ಆಗಿರುವ ಕಾಂಟ್ರ್ಯಾಕ್ಟ್‌ನ ಸಂಬಳ ಇಳಿಸೋಕೆ ಒಪ್ಪಬೇಡಿ. ಒಪ್ಪಲೇಬೇಕಾದ ಸಂದರ್ಭ ಬಂದರೆ ಬದಲಿಗೆ ಏನಾದರೂ ಪಡೆದುಕೊಂಡೇ ಒಪ್ಪಿ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಕಡೆಯಿಂದ ಬಂದು ಮೊದಲ ಸಲ ಪ್ರೊ ಕಾಂಟ್ರ್ಯಾಕ್ಟ್ ಹಿಡಿದಿರುವ ಹುಡುಗರಿಗೆ, ಅವರ ಅಪ್ಪ ಅಮ್ಮನಿಗೆ ಇದು ಗೊತ್ತಿರಲೇಬೇಕು. ಯಾಕೆಂದರೆ ದೊಡ್ಡ ಸ್ಟಾರ್‌ಗಳಿಗೆ ಏಜೆಂಟ್, ಲಾಯರ್ ಎಲ್ಲ ಇರುತ್ತಾರೆ, ಇವರಿಗೆ ಇರಲ್ಲ.

ಕ್ಲಬ್‌ನವರು ಕರೆದು ಮಾತಾಡಿದಾಗ ಮೊದಲು ಕಾರಣ ಯಾವುದು ಅಂತ ಗುರುತಿಸಿ. ನಿಮ್ಮ ಫಾರ್ಮ್ ಕಾರಣವಾ, ತಂಡ ಕೆಳಗಿನ ಲೀಗ್‌ಗೆ ಇಳಿದಿದೆಯಾ, ಅಥವಾ ಕ್ಲಬ್ ಹತ್ತಿರ ದುಡ್ಡೇ ಇಲ್ವಾ? ಎಷ್ಟೋ ಸಲ ದುಡ್ಡಿನ ತೊಂದರೆಯನ್ನೇ ಫಾರ್ಮ್ ಹೆಸರಲ್ಲಿ ಹೇಳುತ್ತಾರೆ, ಹಾಗೆ ಹೇಳಿದರೆ ಆಟಗಾರ ನಾಚಿಕೊಂಡು ಬೇಗ ಒಪ್ಪಿಬಿಡುತ್ತಾನೆ. ಆದರೆ ಚೆನ್ನಾಗಿ ಆಡಿದವರ ಸಂಬಳವೂ ನಿಲ್ಲುತ್ತದೆ. ಸುನಿಲ್ ಛೆಟ್ರಿ 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 14 ಗೋಲು ಹೊಡೆದರು, ಬೆಂಗಳೂರು ಎಫ್‌ಸಿ ಫೈನಲ್ ತನಕ ಹೋಯಿತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2025ರ ಆಗಸ್ಟ್‌ನಲ್ಲಿ, ಮುಂದಿನ ಲೀಗ್ ನಡೆಯೋದೇ ಖಾತ್ರಿ ಇಲ್ಲ ಅಂತ ಅದೇ ಕ್ಲಬ್ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಅದು ಆಟದ ತಪ್ಪಲ್ಲ ಅಲ್ವಾ?

ಕಾರಣ ಫಾರ್ಮ್ ಅಂತಲೇ ಆದರೆ, ಕಾಂಟ್ರ್ಯಾಕ್ಟ್ ತೆಗೆದು ಓದಿ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ಎರಡೂ ಕಡೆಯವರು ಕಾಂಟ್ರ್ಯಾಕ್ಟ್‌ಗೆ ಬದ್ಧರು. ಚೆನ್ನಾಗಿ ಆಡ್ತಿಲ್ಲ ಅನ್ನೋದನ್ನು ಕಾಂಟ್ರ್ಯಾಕ್ಟ್ ಮುರಿಯೋಕೆ ಸಕಾರಣ ಅಂತ ಫಿಫಾದ ವ್ಯಾಜ್ಯ ಸಮಿತಿಯಾಗಲಿ, ಲೊಸಾನ್‌ನ ಕ್ರೀಡಾ ನ್ಯಾಯಮಂಡಳಿಯಾಗಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಫಾರ್ಮ್ ಅಂದರೆ ಏನು ಅಂತ ಅಳೆಯೋದಾದರೂ ಹೇಗೆ? ಸ್ಟ್ರೈಕರ್‌ಗೆ ಬಾಲ್ ಕೊಡೋರೇ ಇಲ್ಲದಿದ್ದರೆ, ಕೋಚ್ ವಿಂಗರ್‌ನನ್ನು ಬ್ಯಾಕ್ ಆಡಿಸಿದರೆ, ಅರ್ಧ ವಾಸಿಯಾದ ಮೊಣಕಾಲಲ್ಲಿ ಇಂಜೆಕ್ಷನ್ ಕೊಟ್ಟು ಇಳಿಸಿದರೆ, ಆ ನಷ್ಟವನ್ನು ಆಟಗಾರ ಒಬ್ಬನೇ ಯಾಕೆ ಕಟ್ಟಬೇಕು? ಇಂಗ್ಲೆಂಡ್‌ನ ಚೆಲ್ಸಿ ಕ್ಲಬ್‌ಗೆ 2000ದಲ್ಲಿ ಬಂದ ವಿನ್‌ಸ್ಟನ್ ಬೊಗಾರ್ಡೆ ಹೊಸ ಕೋಚ್‌ಗೆ ಬೇಡವಾದರು. ವಾರಕ್ಕೆ ಸುಮಾರು 40,000 ಪೌಂಡ್ ಸಂಬಳ ಅಂತ ವರದಿಯಿತ್ತು, ನಾಲ್ಕು ವರ್ಷದಲ್ಲಿ ಆಡಿದ್ದು ಹನ್ನೆರಡರ ಆಸುಪಾಸು ಪಂದ್ಯ. ಜನ ಅವರನ್ನು ಬೈದರು. ಆದರೆ ಆ ಸಂಬಳ ಬರೆದುಕೊಟ್ಟಿದ್ದು ಕ್ಲಬ್ಬೇ. ಸಂಬಳ ಬಿಟ್ಟುಕೊಡದೆ ಕಾಂಟ್ರ್ಯಾಕ್ಟ್ ಮುಗಿಯೋ ತನಕ ಅಲ್ಲೇ ಉಳಿದ ಬೊಗಾರ್ಡೆ ಮಾಡಿದ್ದು ನನ್ನ ಪ್ರಕಾರ ಸರಿ.

ಈಗ ಕ್ಲಬ್ ಸಹಿ ಹಾಕಿಸಿಕೊಳ್ಳೋಕೆ ತರುವ ಕಾಗದದ ವಿಷಯ. ಸಾಮಾನ್ಯವಾಗಿ ಪ್ರಾಕ್ಟೀಸ್ ಮುಗಿದ ಮೇಲೆ ಆಫೀಸಿಗೆ ಕರೆದು, ಅಡೆಂಡಮ್ ಅಂತ, ಅಂದರೆ ಹಳೇ ಕಾಂಟ್ರ್ಯಾಕ್ಟ್ ಬದಲಿಸುವ ಒಂದು ಹಾಳೆ ಮುಂದಿಡುತ್ತಾರೆ. ಅದರಲ್ಲಿ ‘ಪರಸ್ಪರ ಒಪ್ಪಿಗೆಯಿಂದ’ ಅಂತ ಇರುತ್ತದೆ, ಹೊಸ ಮೊತ್ತ ಇರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಅನ್ನೋ ಸಾಲು ಇರಬಹುದು. ಆ ಸಾಲಿಗೆ ಸಹಿ ಹಾಕಿದರೆ ಹಳೇ ಬಾಕಿಯೂ ಹೋಯಿತು ಅಂತಲೇ ತಿಳಿಯಿರಿ. ಅಲ್ಲೇ ಸಹಿ ಹಾಕಬೇಡಿ. ಫೋಟೋ ತೆಗೆದುಕೊಳ್ಳಿ, ಒಂದು ವಾರ ಟೈಮ್ ಬೇಕು ಅಂತ ಈಮೇಲ್‌ನಲ್ಲೇ ಕೇಳಿ.

ಮನೆಗೆ ಬಂದು ಲೆಕ್ಕ ಹಾಕಿ. ತಿಂಗಳಿಗೆ 4 ಲಕ್ಷ, ಇನ್ನೂ 18 ತಿಂಗಳು ಬಾಕಿ ಇದೆ ಅಂದುಕೊಳ್ಳಿ. ಒಟ್ಟು 72 ಲಕ್ಷ. ಕಾಲು ಭಾಗ ಕಡಿತ ಅಂದರೆ 18 ಲಕ್ಷ ಹೋಯಿತು, ಉಳಿದಿದ್ದು 54. ಇಷ್ಟಕ್ಕೇ ಮುಗಿಯಲ್ಲ. ನಾಳೆ ಕ್ಲಬ್ ನಿಮ್ಮನ್ನು ಸುಮ್ಸುಮ್ನೆ ತೆಗೆದುಹಾಕಿದರೆ ಪರಿಹಾರದ ಲೆಕ್ಕ ಶುರುವಾಗೋದು ಉಳಿದ ಕಾಂಟ್ರ್ಯಾಕ್ಟ್‌ನ ಮೊತ್ತದಿಂದ. ನೀವು ಕಡಿತಕ್ಕೆ ಸಹಿ ಹಾಕಿದ್ದರೆ ಆ ಲೆಕ್ಕವೂ 72ರಿಂದಲ್ಲ, 54ರಿಂದ ಶುರು. ಅಂದರೆ ನಿಮ್ಮನ್ನು ಕಳಿಸೋದು ಕ್ಲಬ್‌ಗೆ ಅಗ್ಗವಾಯಿತು, ಅದನ್ನು ಅಗ್ಗ ಮಾಡಿಕೊಟ್ಟವರು ನೀವೇ. ಕಡಿತಕ್ಕೆ ಒಪ್ಪಿದರೆ ಜಾಗ ಉಳಿಯುತ್ತದೆ ಅಂತ ನಂಬುವವರು ಈ ಲೆಕ್ಕವನ್ನು ಎರಡು ಸಲ ನೋಡಬೇಕು.

ಹಾಗಾದರೆ ಯಾವಾಗ ಒಪ್ಪಬಹುದು? ಬದಲಿಗೆ ವರ್ಷ ಸಿಕ್ಕಾಗ. 2022ರ ಜನವರಿಯಲ್ಲಿ ಬಾರ್ಸಿಲೋನಾದ ಸ್ಯಾಮ್ಯುಯೆಲ್ ಉಮ್ಟಿಟಿ, ಮೊಣಕಾಲಿನ ನೋವಿನಿಂದ ಆಟ ಕಳೆದುಕೊಂಡಿದ್ದವರು, ಸಂಬಳ ಇಳಿಸಿಕೊಂಡು ಕಾಂಟ್ರ್ಯಾಕ್ಟ್ ಅನ್ನು 2026ರವರೆಗೆ ಹಿಗ್ಗಿಸಿಕೊಂಡರು. ಉಳಿದ ಸಂಬಳದಿಂದ ಹೊಸ ಆಟಗಾರ ಫೆರಾನ್ ಟೋರೆಸ್ ಹೆಸರನ್ನು ಲೀಗ್‌ನಲ್ಲಿ ನೋಂದಾಯಿಸೋಕೆ ಕ್ಲಬ್‌ಗೆ ದಾರಿಯಾಯಿತು, ಇವರಿಗೆ ಭದ್ರತೆ ಸಿಕ್ಕಿತು. ಹೀಗೆ ಕೊಟ್ಟು ತೆಗೆದುಕೊಳ್ಳುವುದಾದರೆ ಸರಿ. ಕ್ಲಬ್‌ಗೆ ನಿಜವಾಗಿಯೂ ದುಡ್ಡಿನ ತೊಂದರೆ ಇದ್ದರೆ ಕಡಿತದ ಬದಲು ಮುಂದೂಡಿಕೆ ಕೇಳಿ, ಯಾವ ತಾರೀಕಿಗೆ ಎಷ್ಟು ಅಂತ ಬರೆಸಿ. ಮ್ಯಾನೇಜ್‌ಮೆಂಟ್‌ನವರ ಸಂಬಳವೂ ಇಳಿಯುತ್ತಾ ಅಂತ ಧೈರ್ಯವಾಗಿ ಕೇಳಿ. ಒಳಗೊಂದು ಹೊರಗೊಂದು ಅಂತ ಎರಡು ಕಾಗದ ಮಾತ್ರ ಮಾಡಬೇಡಿ. 2020ರಲ್ಲಿ ಯುವೆಂಟಸ್ ಆಟಗಾರರು ನಾಲ್ಕು ತಿಂಗಳ ಸಂಬಳ ಬಿಟ್ಟುಕೊಟ್ಟರು ಅಂತ ಘೋಷಣೆ ಆಯಿತು, ನಿಜವಾಗಿ ಬಿಟ್ಟಿದ್ದು ಒಂದೇ ತಿಂಗಳದ್ದು, ಉಳಿದದ್ದಕ್ಕೆ ಗುಟ್ಟಿನ ಕಾಗದಗಳಿದ್ದವು ಅಂತ ಆಮೇಲೆ ಇಟಲಿಯ ತನಿಖಾಧಿಕಾರಿಗಳು ಆರೋಪಿಸಿದರು.

ಇದೆಲ್ಲ ಬೇಡ ಅಂದರೆ ಸಹಿ ಹಾಕುವ ಮೊದಲೇ ಮಾತಾಡಬೇಕು. ಯುರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ತಂಡ ಹೋಗದಿದ್ದರೆ ಶೇ. 25 ಕಡಿತ ಅನ್ನೋ ಷರತ್ತು ಮ್ಯಾಂಚೆಸ್ಟರ್ ಯುನೈಟೆಡ್‌ನ ಕಾಂಟ್ರ್ಯಾಕ್ಟ್‌ಗಳಲ್ಲಿದೆ ಅಂತ ವರದಿಗಳಿವೆ. ಇದು ನ್ಯಾಯ, ಯಾಕೆಂದರೆ ಮೊದಲೇ ಗೊತ್ತು. ಇಂಗ್ಲೆಂಡ್‌ನ ಸಂಡರ್‌ಲ್ಯಾಂಡ್ ಕ್ಲಬ್ 2017ರಲ್ಲಿ ಕೆಳಗಿನ ಲೀಗ್‌ಗೆ ಇಳಿದಾಗ ಅದರ ಆಟಗಾರ ಜ್ಯಾಕ್ ರಾಡ್‌ವೆಲ್ ಕಾಂಟ್ರ್ಯಾಕ್ಟ್‌ನಲ್ಲಿ ಸಂಬಳ ಇಳಿಸುವ ಷರತ್ತೇ ಇರಲಿಲ್ಲ. ಕ್ಲಬ್ ಪೂರ್ತಿ ಸಂಬಳ ಕೊಡುತ್ತಲೇ ಹೋಯಿತು, 2018ರಲ್ಲಿ ಮಾತಾಡಿಕೊಂಡು ಬೇರೆಯಾದರು. ನಿಮ್ಮ ಕಾಂಟ್ರ್ಯಾಕ್ಟ್‌ನಲ್ಲಿ ಗೋಲು, ಪಂದ್ಯ, ಕ್ಲೀನ್ ಶೀಟ್‌ಗೆ (ಗೋಲು ಬಿಟ್ಟುಕೊಡದ ಪಂದ್ಯ) ಬೋನಸ್ ಇರಲಿ, ಮೂಲ ಸಂಬಳ ಮುಟ್ಟುವಂತಿರಬಾರದು.

ಒಪ್ಪದಿದ್ದರೆ ಒತ್ತಡ ಬರುತ್ತದೆ. ಒಬ್ಬನೇ ಪ್ರಾಕ್ಟೀಸ್ ಮಾಡು ಅನ್ನಬಹುದು, ಲೀಗ್‌ಗೆ ನಿಮ್ಮ ಹೆಸರು ನೋಂದಾಯಿಸದೇ ಇರಬಹುದು. ಪ್ರತಿ ದಿನ ಹಾಜರಾಗಿ, ಟೈಮ್ ತಪ್ಪಿಸಬೇಡಿ, ಸಿಟ್ಟಿಗೆ ಗೈರುಹಾಜರಾಗಬೇಡಿ, ಮೆಸೇಜ್‌ಗಳನ್ನು ಅಳಿಸಬೇಡಿ. ಒತ್ತಾಯದಿಂದ ಕಾಂಟ್ರ್ಯಾಕ್ಟ್ ಬದಲಿಸೋಕೆ ಹೀಗೆ ಪೀಡಿಸಿದರೆ, ಕಾಂಟ್ರ್ಯಾಕ್ಟ್ ಮುರಿಯೋಕೆ ಅದೇ ನಿಮಗೆ ಸಕಾರಣ ಆಗಬಹುದು. ಎರಡು ತಿಂಗಳ ಸಂಬಳ ಬಾಕಿ ಇದ್ದರೆ, ಲಿಖಿತವಾಗಿ ಕನಿಷ್ಠ 15 ದಿನದ ನೋಟಿಸ್ ಕೊಟ್ಟು, ಆಮೇಲೂ ಕೊಡದಿದ್ದರೆ ಹೊರಬರಲು ಫಿಫಾ ನಿಯಮದಲ್ಲೇ ದಾರಿಯಿದೆ. ಭಾರತದ ಆಟಗಾರ, ಭಾರತದ ಕ್ಲಬ್ ಆದರೆ ದೂರು ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಪ್ಲೇಯರ್ ಸ್ಟೇಟಸ್ ಕಮಿಟಿಗೆ ಹೋಗುತ್ತದೆ, ವಿದೇಶಿ ಕ್ಲಬ್ ಆದರೆ ಫಿಫಾಗೆ. ಫಿಫಾಗೆ ಎರಡು ವರ್ಷದೊಳಗೆ ಕೊಡಬೇಕು. ನೋಟಿಸ್ ಕಳಿಸುವ ಮೊದಲು ಆಟಗಾರರ ಸಂಘ ಎಫ್‌ಪಿಎಐಗೆ ಒಂದು ಫೋನ್ ಮಾಡಿ, ಕರಡನ್ನು ಅವರಿಗೆ ತೋರಿಸಿ.