ಹೆದ್ದಾರಿಯಲ್ಲಿ ಟ್ರಾವೆಲ್ ಟ್ರೈಲರ್ ಕೈಕೊಟ್ಟರೆ: ಪಾನಾಗೂ ಮೊದಲು ಕ್ಯಾಮೆರಾ

ಅಮೆರಿಕದ ರಸ್ತೆಗಳಲ್ಲಿ ಕಾಣುವ ಟ್ರಾವೆಲ್ ಟ್ರೈಲರ್‌ಗಳಲ್ಲಿ (ಪಿಕಪ್ ಟ್ರಕ್‌ನಂಥ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಳು) ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಹೊರಗೆ ಒಂದೇ ಕಂಪನಿಯ ಹೆಸರಿದ್ದರೂ ಒಳಗಿರುವುದು ಹತ್ತಾರು ಕಂಪನಿಗಳ ಮಾಲು. ಆಕ್ಸಲ್ ಒಬ್ಬರದು, ಟೈರ್ ಇನ್ನೊಬ್ಬರದು, ಫ್ರಿಜ್ ಮತ್ತೊಬ್ಬರದು. ವಾರಂಟಿಯೂ ಹಾಗೆಯೇ ಹರಿದು ಹಂಚಿಹೋಗಿರುತ್ತದೆ. ಹೀಗಾಗಿ ದಾರಿಯಲ್ಲಿ ಕೆಟ್ಟರೆ ಬಿಚ್ಚಿ ಸರಿಮಾಡುವುದು ಅರ್ಧ ಕೆಲಸ, ಖರ್ಚು ಯಾರ ತಲೆಗೆ ಎಂದು ತೀರ್ಮಾನವಾಗುವುದು ಇನ್ನರ್ಧ. ಈ ಎರಡನೆಯದಕ್ಕೆ ಬೇಕಾದ ಸಾಕ್ಷ್ಯ ಮೊದಲ ಒಂದು ಗಂಟೆಯಲ್ಲಿ ಕೈಯಲ್ಲೇ ಇರುತ್ತದೆ. ಗಡಿಬಿಡಿಯಲ್ಲಿ ನಾವೇ ಅದನ್ನು ಟೈರ್ ಅಂಗಡಿಯ ಕಸದ ರಾಶಿಗೆ ಎಸೆದಿರುತ್ತೇವೆ.

ನಿಂತ ತಕ್ಷಣ

ಶೋಲ್ಡರ್‌ನಲ್ಲಿ (ರಸ್ತೆಯಂಚಿನ ಪಟ್ಟಿಯಲ್ಲಿ) ಬಿಳಿ ಗೆರೆಯಿಂದ ಆದಷ್ಟು ದೂರ ನಿಲ್ಲಿಸಿ. ಮುಂದಿನ ಎಕ್ಸಿಟ್ ಅರ್ಧ ಮೈಲಿಯಲ್ಲೇ ಇದ್ದರೆ, ಪಂಕ್ಚರ್ ಆದ ಟೈರಿನಲ್ಲೇ ನಿಧಾನಕ್ಕೆ ಅಲ್ಲಿಗೆ ಹೋಗುವುದು ಮೇಲು. ರಿಮ್ ಹಾಳಾದರೆ ಇನ್ನೊಂದು ಕೊಳ್ಳಬಹುದು. ಚಕ್ರದ ನಡುಭಾಗವಾದ ಹಬ್‌ನಿಂದ ಹೊಗೆ ಬರುತ್ತಿದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಇದ್ದಲ್ಲೇ ನಿಲ್ಲಿಸಬೇಕು. ತ್ರಿಕೋನಗಳನ್ನು ಹಿಂದುಗಡೆ 10, 100 ಮತ್ತು 200 ಅಡಿ ದೂರದಲ್ಲಿಡಿ. ಒಮ್ಮುಖ ಅಥವಾ ನಡುವೆ ವಿಭಜಕವಿರುವ ಹೆದ್ದಾರಿಯಲ್ಲಿ ಲಾರಿಗಳಿಗೆ ಕಡ್ಡಾಯವಾದ ಅಳತೆ ಇದು, ಟ್ರೈಲರ್‌ಗೂ ಸರಿಹೋಗುತ್ತದೆ. ಕೆಲಸ ಮಾಡಬೇಕಾದ ಚಕ್ರ ಸಂಚಾರದ ಕಡೆಗಿದ್ದು ಜಾಗ ಇಕ್ಕಟ್ಟಾಗಿದ್ದರೆ ನೀವು ಕೈಹಾಕಲೇ ಬೇಡಿ. 911ಕ್ಕೆ ಕರೆಮಾಡಿ ಹೆದ್ದಾರಿ ಪೊಲೀಸರ ಗಸ್ತು ಗಾಡಿ ಹಿಂದೆ ನಿಲ್ಲುವಂತೆ ಕೇಳಿ.

ಊರಿನಿಂದ ಬಂದ ಅಪ್ಪ, ಅಮ್ಮ ಜೊತೆಗಿದ್ದರೆ ಅವರನ್ನೂ ಮಕ್ಕಳನ್ನೂ ಗಾರ್ಡ್‌ರೇಲ್ ಆಚೆ ಕೂರಿಸಿ. ಟ್ರೈಲರ್ ಒಳಗೆ ಕೂರಿಸಬೇಡಿ. ಇನ್ಸುಲಿನ್ ಫ್ರಿಜ್‌ನಲ್ಲಿದ್ದರೆ ಈಗಲೇ ಐಸ್ ಬಾಕ್ಸ್‌ಗೆ ಹಾಕಿ, ಐಸ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ. ಗ್ಯಾಸ್‌ನಲ್ಲಿ ಓಡುವ ಫ್ರಿಜ್‌ನ ಕಂಟ್ರೋಲ್ ಬೋರ್ಡ್‌ಗೂ 12 ವೋಲ್ಟ್ ಬೇಕು. ಬ್ಯಾಟರಿ ಸತ್ತರೆ ಸಿಲಿಂಡರ್ ತುಂಬಿದ್ದೂ ಫ್ರಿಜ್ ತಣ್ಣಗಿರುವುದಿಲ್ಲ.

ಆಮೇಲೆ ಫೋಟೊ. ಇಡೀ ಟ್ರೈಲರ್ ರಸ್ತೆ ಸಮೇತ ಕಾಣುವ ಒಂದು, ಕೆಟ್ಟ ಭಾಗದ ನಾಲ್ಕೈದು, ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಸ್ಟಿಕ್ಕರ್‌ನದೊಂದು, ಮೈಲ್ ಮಾರ್ಕರ್‌ನದೊಂದು. ಯಾವುದನ್ನೂ ಬಿಚ್ಚುವ ಮುಂಚೆ ತೆಗೆದ ಫೋಟೊಗೆ ಇರುವ ಬೆಲೆ ಬಿಚ್ಚಿದ ಮೇಲೆ ತೆಗೆದದ್ದಕ್ಕೆ ಇರುವುದಿಲ್ಲ.

ರೋಡ್‌ಸೈಡ್ ಸಹಾಯಕ್ಕೆ ಕರೆಮಾಡುವಾಗ ಉದ್ದ, ಎತ್ತರ, ಜಿವಿಡಬ್ಲ್ಯೂಆರ್ (ಸಾಮಾನು ಸಮೇತ ಟ್ರೈಲರ್‌ಗೆ ಇರಬಹುದಾದ ಗರಿಷ್ಠ ತೂಕ), ಆಕ್ಸಲ್ ಎಷ್ಟು, ಯಾವ ಚಕ್ರ, ಯಾವ ದಿಕ್ಕಿನ ಲೇನ್ ಎಂದು ಒಂದೇ ಉಸಿರಿಗೆ ಹೇಳಿಬಿಡಿ. ಎತ್ತರ ಹೇಳದಿದ್ದರೆ ಕಾರು ಹೊರುವ ಫ್ಲ್ಯಾಟ್‌ಬೆಡ್ ಕಳಿಸುತ್ತಾರೆ, ಅದು ಬಂದು ನೋಡಿ ವಾಪಸ್ ಹೋಗುತ್ತದೆ, ಮತ್ತೆ ಕಾಯಬೇಕು. ಕಾರಿಗೆಂದು ತೆಗೆದುಕೊಂಡ ಸಾದಾ ಸದಸ್ಯತ್ವದಲ್ಲಿ ಸಾಮಾನ್ಯವಾಗಿ ಟ್ರೈಲರ್ ಸೇರಿರುವುದಿಲ್ಲ, ಆರ್‌ವಿಗೆ, ಅಂದರೆ ಇಂಥ ವಸತಿ ಗಾಡಿಗಳಿಗೆ, ಬೇರೆ ಹಂತವೇ ಇರುತ್ತದೆ. ಹೊರಡುವ ಮುಂಚೆ ನೋಡಿಕೊಳ್ಳಬೇಕಾದ ವಿಷಯ ಇದು.

ಹಬ್ ಕಾದಾಗ

ದಾರಿಯಲ್ಲಿ ನಿಲ್ಲಿಸುವ ಕೇಡುಗಳಲ್ಲಿ ಅತಿ ಕೆಟ್ಟದ್ದು ವೀಲ್ ಬೇರಿಂಗ್. ಪೆಟ್ರೋಲ್ ಹಾಕಿಸಲು ನಿಂತಾಗಲೆಲ್ಲ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನಾಲ್ಕೂ ಹಬ್ ನೋಡುವ ಅಭ್ಯಾಸವಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಬ್ರೇಕ್ ಹಾಕಿದ್ದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮ ಬಿಸಿಯಾಗಿರುತ್ತವೆ. ಒಂದು ಮಾತ್ರ ಉಳಿದವಕ್ಕಿಂತ 50 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಮೇಲಿದ್ದರೆ ಅದರಲ್ಲಿ ಏನೋ ಇದೆ: ಗ್ರೀಸ್ ಮುಗಿದಿದೆ, ನಟ್ ಅತಿಯಾಗಿ ಬಿಗಿದಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

3,500 ಪೌಂಡ್ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಒಳಬೇರಿಂಗ್ ಎಲ್68149, ಹೊರಬೇರಿಂಗ್ ಎಲ್44649. ಇವುಗಳ ರೇಸ್‌ಗಳು (ಬೇರಿಂಗ್ ಕೂರುವ ಉಕ್ಕಿನ ಬಳೆಗಳು) ಕ್ರಮವಾಗಿ ಎಲ್68111 ಮತ್ತು ಎಲ್44610. ಇವು ಆಟೊ ಪಾರ್ಟ್ಸ್ ಅಂಗಡಿಗಳಲ್ಲೂ ಸಿಗುತ್ತವೆ. ಆದರೂ ಹಳೆಯ ಬೇರಿಂಗ್‌ನ ಅಂಚಿನಲ್ಲಿ ಕೆತ್ತಿದ ಸಂಖ್ಯೆ ಓದಿಯೇ ಕೊಳ್ಳಿ, ಆಕ್ಸಲ್ ಟ್ಯೂಬಿನ ಸ್ಟಿಕ್ಕರ್‌ನಲ್ಲಿ ಸಾಮರ್ಥ್ಯವೂ ಇರುತ್ತದೆ. ರಸ್ತೆಬದಿಯಲ್ಲಿ ರೇಸ್ ಬಡಿದು ತೆಗೆದು ಹೊಸದನ್ನು ನೇರವಾಗಿ ಕೂರಿಸುವುದು ಒದ್ದಾಟದ ಕೆಲಸ. ಅದಕ್ಕೇ ಅನುಭವಸ್ಥರು ರೇಸ್, ಬೇರಿಂಗ್, ಸೀಲ್ ಎಲ್ಲ ಕೂರಿಸಿ ಗ್ರೀಸ್ ತುಂಬಿದ ಪೂರಾ ಹಬ್-ಡ್ರಮ್ ಒಂದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟುಕೊಂಡಿರುತ್ತಾರೆ. ತೂಕವಾದರೂ ಹೊರಲು ಯೋಗ್ಯ.

ಕ್ರಮ ಹೀಗೆ. ಟ್ರೈಲರನ್ನು ಟ್ರಕ್‌ಗೆ ಸಿಕ್ಕಿಸಿಯೇ ಬಿಟ್ಟು, ಎದುರು ಬದಿಯ ಚಕ್ರಗಳಿಗೆ ಅಡೆ ಕೊಡಿ. ಜ್ಯಾಕನ್ನು ಚಾಸಿ ಫ್ರೇಮಿಗೆ ಕೊಡಬೇಕು. ಆಕ್ಸಲ್ ಟ್ಯೂಬಿನ ನಡುವೆ ಕೊಟ್ಟರೆ ಟ್ಯೂಬ್ ಬಾಗಿ ಆಮೇಲೆ ಟೈರ್ ಒಂದೇ ಬದಿ ಸವೆಯುತ್ತದೆ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಿ. ಚಕ್ರ ತೆಗೆದ ಮೇಲೆ ಡಸ್ಟ್ ಕ್ಯಾಪ್, ಕಾಟರ್ ಪಿನ್ (ನಟ್ ತಿರುಗದಂತೆ ತಡೆಯುವ ತಂತಿ ಪಿನ್), ಸ್ಪಿಂಡಲ್ (ಹಬ್ ಕೂರುವ ಆಕ್ಸಲ್ ತುದಿ) ನಟ್, ವಾಷರ್ ತೆಗೆದು ಡ್ರಮ್ ಎಳೆಯಿರಿ. ಬಾರದಿದ್ದರೆ ಹಿಂದಿನ ಕಿಂಡಿಯಿಂದ ಸ್ಟಾರ್ ವೀಲ್ (ಬ್ರೇಕ್ ಹೊಂದಿಸುವ ಹಲ್ಲುಚಕ್ರ) ತಿರುಗಿಸಿ ಬ್ರೇಕ್ ಶೂ ಸಡಿಲಿಸಿ.

ಈಗ ಸ್ಪಿಂಡಲ್ ಒರೆಸಿ ಬೆಳಕಿನಲ್ಲಿ ನೋಡಿ. ಲೋಹ ನೀಲಿಗಟ್ಟಿದ್ದರೆ, ಬೇರಿಂಗ್ ಕೂರುವಲ್ಲಿ ಉಗುರು ಆಡಿಸಿದಾಗ ಗೀರು ಸಿಕ್ಕರೆ, ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ. ಟೋ ಗಾಡಿ ಕರೆಸಿ. ನಯವಾಗಿದ್ದರೆ ಹಬ್ ಕೂರಿಸಿ, ಹಬ್ ತಿರುಗಿಸುತ್ತಲೇ ನಟ್ಟನ್ನು ಟಾರ್ಕ್ ವ್ರೆಂಚ್‌ನ ಅಳತೆಯಲ್ಲಿ 50 ಫುಟ್-ಪೌಂಡ್ ವರೆಗೆ ಬಿಗಿಯಿರಿ. ಹಾಗೆ ಮಾಡಿದರೆ ಬೇರಿಂಗ್ ತನ್ನ ಜಾಗದಲ್ಲಿ ಕೂರುತ್ತದೆ. ನಂತರ ಹಬ್ ಅಲುಗಿಸದೆ ನಟ್ ಪೂರ್ತಿ ಸಡಿಲಿಸಿ, ಬೆರಳಿನಿಂದಷ್ಟೇ ಬಿಗಿ ಮಾಡಿ, ಹೊಸ ಕಾಟರ್ ಪಿನ್ ಹಾಕಿ ಬಾಗಿಸಿ. ತೂತು ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಿ ಹೊಂದಿಸಬೇಕೇ ಹೊರತು ಮುಂದಕ್ಕಲ್ಲ. 50 ಫುಟ್-ಪೌಂಡ್‌ನಲ್ಲೇ ಬಿಟ್ಟು ಹೊರಟವರ ಬೇರಿಂಗ್ ಮತ್ತೆ ಸುಡುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಹಬ್‌ನ ತುದಿಯಲ್ಲಿ ಗ್ರೀಸ್ ನಿಪ್ಪಲ್ ಇರುವ ಆಕ್ಸಲ್‌ಗಳಲ್ಲಿ ಇನ್ನೊಂದು ತೊಂದರೆ. ಗನ್‌ನಿಂದ ಜೋರಾಗಿ ಒತ್ತಿದರೆ ಗ್ರೀಸ್ ಹಿಂದಿನ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬೀಳುತ್ತದೆ, ಆ ಚಕ್ರದ ಬ್ರೇಕ್ ಹೋದಂತೆಯೇ. ಚಕ್ರ ಎತ್ತಿ, ಕೈಯಿಂದ ತಿರುಗಿಸುತ್ತಾ ನಿಧಾನಕ್ಕೆ ತುಂಬಬೇಕು. 12 ತಿಂಗಳು ಅಥವಾ 12,000 ಮೈಲಿಗೊಮ್ಮೆ ಬೇರಿಂಗ್ ಬಿಚ್ಚಿ ನೋಡಬೇಕೆಂಬುದು ಆಕ್ಸಲ್ ತಯಾರಕರ ಸಾಮಾನ್ಯ ನಿಯಮ. ಅದರ ರಸೀದಿ ಇಲ್ಲದಿದ್ದರೆ ಕ್ಲೇಮ್ ತಳ್ಳಿಹಾಕಲು ಅವರಿಗೆ ಬೇರೆ ಕಾರಣ ಬೇಕಿಲ್ಲ.

ಟೈರ್ ಸಿಡಿದರೆ

ಎರಡು ಆಕ್ಸಲ್ ಇರುವ ಟ್ರೈಲರ್‌ನಲ್ಲಿ ಒಂದು ಟೈರ್ ಹೋದರೆ ಅದೇ ಬದಿಯ ಇನ್ನೊಂದು ಟೈರ್ ಇಮ್ಮಡಿ ಭಾರ ಹೊತ್ತಿರುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಅದನ್ನು ನಂಬುವಂತಿಲ್ಲ. ಬದಲಿಸಿದರೆ ಎರಡನ್ನೂ ಬದಲಿಸಿ. ಕಳಚಿದ ರಬ್ಬರ್ ಪಟ್ಟಿ ಚಕ್ರದ ಮೇಲಿನ ತಗಡನ್ನು, ಅದರ ಹಿಂದಿನ ವೈರುಗಳನ್ನು, ಕೆಲವೊಮ್ಮೆ ಗ್ಯಾಸ್ ಪೈಪನ್ನೂ ಹರಿದಿರಬಹುದು. ಸಿಲಿಂಡರ್ ಬಂದ್ ಮಾಡಿ ಬಗ್ಗಿ ನೋಡಿ. ಪೈಪಿಗೆ ಏಟು ಬಿದ್ದ ಗುರುತಿದ್ದರೆ ಸೋಪು ನೀರು ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ಖಚಿತವಾಗುವ ತನಕ ಗ್ಯಾಸ್ ಬಳಸಬೇಡಿ.

ಚಕ್ರ ಹಾಕಿದ ಮೇಲೆ ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ, ಮೂರು ಹಂತದಲ್ಲಿ ಬಿಗಿಯಿರಿ. ಅರ್ಧ ಇಂಚಿನ ಸ್ಟಡ್‌ಗೆ ಕೊನೆಯ ಹಂತ 90ರಿಂದ 120 ಫುಟ್-ಪೌಂಡ್, ನಿಖರ ಅಂಕಿ ಕೈಪಿಡಿಯಲ್ಲಿದೆ. 10, 25, 50 ಮೈಲಿಗೆ ನಿಲ್ಲಿಸಿ ಮತ್ತೆ ಟಾರ್ಕ್ ನೋಡಿ. ಅಲಾಯ್ ಚಕ್ರದ ನಟ್ ಮೊದಲ ಓಟದಲ್ಲಿ ಸಡಿಲವಾಗುವುದು ಸಾಮಾನ್ಯ.

ಸತ್ತ ಟೈರನ್ನು ಎಸೆಯಬೇಡಿ. ಅದರ ಬದಿಯ ಮೇಲೆ ಅಚ್ಚಾಗಿರುವ ಡಾಟ್ (DOT) ಕೋಡ್‌ನ ಕೊನೆಯ ನಾಲ್ಕು ಅಂಕಿಗಳ ಫೋಟೊ ತೆಗೆಯಿರಿ. 1423 ಎಂದಿದ್ದರೆ 2023ರ 14ನೇ ವಾರ. ಟೈರಿನ ವಾರಂಟಿ ಟ್ರೈಲರ್ ಕಂಪನಿಯದ್ದಲ್ಲ, ಟೈರ್ ಕಂಪನಿಯದು. ಅವರು ಟೈರನ್ನೇ ಕೇಳುತ್ತಾರೆ. ಹರಿದ ತಗಡು, ನೆಲದ ಹಾನಿ ಬರುವುದು ಸಾಮಾನ್ಯವಾಗಿ ವಿಮೆಯ ಲೆಕ್ಕಕ್ಕೆ. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಗಾಳಿ ಎಷ್ಟಿತ್ತು, ತೂಕ ಎಷ್ಟಿತ್ತು? ಪ್ರವಾಸದ ಮೊದಲ ದಿನವೇ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಯ ಮೇಲೆ ಹತ್ತಿಸಿ ಪಡೆದ ತೂಕದ ಚೀಟಿ ಇದ್ದರೆ 'ನೀವು ಓವರ್‌ಲೋಡ್ ಮಾಡಿದ್ದಿರಿ' ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ನೀರಿನ ಭಾರ ಮರೆಯುವವರೇ ಹೆಚ್ಚು. ಒಂದು ಗ್ಯಾಲನ್‌ಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡ್ ದಾಟಿತು.

ಒಳಗೆ ಸೇರದ ಸ್ಲೈಡ್

ನಿಂತಾಗ ಜಾಗ ಹೆಚ್ಚಿಸಲು ಹೊರಚಾಚುವ ಗೋಡೆಯ ಭಾಗವೇ ಸ್ಲೈಡ್. ಅದು ಹೊರಗಿದ್ದರೆ ಟ್ರೈಲರ್ ಒಂದಿಂಚೂ ಎಳೆಯುವಂತಿಲ್ಲ. ಮೊದಲು ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಿ, ಸ್ವಿಚ್ ಒತ್ತಿದೊಡನೆ 11ಕ್ಕಿಂತ ಕೆಳಗೆ ಕುಸಿದರೆ ದೋಷ ಮೋಟರಿನದ್ದಲ್ಲ. ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಟ್ರಕ್ ಎಂಜಿನ್ ಓಡುತ್ತಿರಲಿ, ಜಂಪರ್ ಕೇಬಲ್ ಕೊಟ್ಟು ಮತ್ತೆ ಒತ್ತಿ. ಬ್ಯಾಟರಿ ಬಳಿಯ ಪುಟ್ಟ ಸರ್ಕ್ಯೂಟ್ ಬ್ರೇಕರ್‌ನ ಒಂದು ತುದಿಯಲ್ಲಿ ಕರೆಂಟ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದನ್ನೇ ಬದಲಿಸಬೇಕು.

ಶ್ವಿನ್‌ಟೆಕ್ ಮಾದರಿಯ, ಗೋಡೆಯೊಳಗೇ ಹಲ್ಲುಪಟ್ಟಿ ಇರುವ ಸ್ಲೈಡ್‌ಗೆ ಒಂದು ಉಪಾಯವಿದೆ. ಕಂಟ್ರೋಲರ್ ಪೆಟ್ಟಿಗೆ ಹುಡುಕಿ, ಮೋಡ್ ಗುಂಡಿಯನ್ನು ಆರು ಸಲ ಚಕಚಕನೆ ಒತ್ತಿ, ಏಳನೆಯ ಸಲ ಒತ್ತಿಹಿಡಿಯಿರಿ. ಕೆಂಪು, ಹಸಿರು ದೀಪಗಳು ಮಿನುಗತೊಡಗಿದಾಗ ಬಿಟ್ಟು, ಗೋಡೆಯ ಸ್ವಿಚ್‌ನಿಂದ ಒಳಗೆ ಎಳೆಯಿರಿ. ಒಬ್ಬರು ಹೊರಗೆ ನಿಂತು ಎರಡೂ ಬದಿ ಸಮವಾಗಿ ಬರುತ್ತಿವೆಯೇ ನೋಡುತ್ತಿರಬೇಕು. ಒಂದು ಬದಿ ಹಿಂದುಳಿದರೆ ಆ ಕಡೆ ಕೈಯಿಂದ ನೂಕಿ.

ಗ್ಯಾಸ್ ಒಲೆ, ಹೀಟರ್ ಎರಡೂ ಸೊರಗಿ ಉರಿದರೆ ರಿಪೇರಿ ಬೇಕಿಲ್ಲದಿರಬಹುದು. ಸಿಲಿಂಡರ್ ಕವಾಟ ರಪ್ಪನೆ ತೆರೆದಾಗ ಸುರಕ್ಷಾ ತಡೆ ಬಿದ್ದಿರುತ್ತದೆ. ಎಲ್ಲವನ್ನೂ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ತೆರೆಯಿರಿ. ವಾಸನೆ ಬಂದರೆ ಮಾತ್ರ ಈ ಪ್ರಯೋಗ ಬೇಡ. ಎಲ್ಲರೂ ಹೊರಗೆ ಬನ್ನಿ.

ವಾರಂಟಿ ಎಂಬ ಫುಟ್‌ಬಾಲ್

ಡೀಲರ್ ತಯಾರಕರ ಕಡೆ ಒದೆಯುತ್ತಾನೆ, ತಯಾರಕರು ಬಿಡಿಭಾಗದ ಕಂಪನಿಯ ಕಡೆ. ನೀವು ಕೊಂಡ ಡೀಲರ್ ಸಾವಿರ ಮೈಲಿ ಆಚೆ, ಎದುರಿಗಿರುವ ಡೀಲರ್‌ಗೆ ತನ್ನ ಗಿರಾಕಿಗಳೇ ಮೊದಲು. ಬಹಳಷ್ಟು ಡೀಲರ್‌ಗಳು ಬೇರೆಯವರು ಮಾರಿದ ಟ್ರೈಲರ್‌ನ ವಾರಂಟಿ ಕೆಲಸ ಮುಟ್ಟುವುದೇ ಇಲ್ಲ. ಆದ್ದರಿಂದ ಡೀಲರ್ ಬಾಗಿಲಲ್ಲಿ ಕಾದು ಕೂರುವುದಕ್ಕಿಂತ ತಯಾರಕರ ಗ್ರಾಹಕ ವಿಭಾಗಕ್ಕೆ ನೇರವಾಗಿ ಕರೆಮಾಡಿ, ಊರಿನ ಮೊಬೈಲ್ ಆರ್‌ವಿ ಟೆಕ್ನಿಷಿಯನ್‌ನಿಂದ ರಿಪೇರಿಗೆ ಒಪ್ಪಿಗೆ ಕೇಳುವುದು ಜಾಣತನ. ಕೇಳಬೇಕಾದದ್ದು ಇಷ್ಟು: ಆಥರೈಸೇಷನ್ ಸಂಖ್ಯೆ, ಅವರು ಒಪ್ಪುವ ಗಂಟೆಯ ಕೂಲಿ ಮತ್ತು ಗಂಟೆಗಳು, ಹಳೆಯ ಭಾಗ ಕಳಿಸಬೇಕೇ, ಯಾವ ಫೋಟೊಗಳು ಬೇಕು. ಮಾತು ಮುಗಿದ ಕೂಡಲೇ ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ. ಬಾಯಿಮಾತಿನ ಒಪ್ಪಿಗೆ ಮುಂದಿನ ವಾರಕ್ಕೆ ಉಳಿದಿರುವುದಿಲ್ಲ. ಎಲ್ಕ್‌ಹಾರ್ಟ್ ಇರುವುದು ಈಸ್ಟರ್ನ್ ಸಮಯದಲ್ಲಿ. ಯೂಟಾದಲ್ಲಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಕೆಟ್ಟರೆ ಅಲ್ಲಿ ಆಗಲೇ ಐದಾಗಿರುತ್ತದೆ, ಇನ್ನು ಸೋಮವಾರವೇ. ಅಷ್ಟರೊಳಗೆ ರಿಪೇರಿ ಅನಿವಾರ್ಯವಾದರೆ ಮೊದಲೇ ಇಮೇಲ್ ಹಾಕಿ, ಹಳೆಯ ಭಾಗಗಳನ್ನೆಲ್ಲ ಚೀಲಕ್ಕೆ ತುಂಬಿಟ್ಟುಕೊಳ್ಳಿ.

ಫ್ರಿಜ್, ಎಸಿ, ಹೀಟರ್‌ಗಳಿಗೆ ವಿಐಎನ್ ಸಾಲದು, ಅವುಗಳದೇ ಸೀರಿಯಲ್ ಸಂಖ್ಯೆ ಬೇಕು. ಟ್ರೈಲರ್ ಮನೆಯಲ್ಲಿರುವಾಗಲೇ ಎಲ್ಲದರ ಫೋಟೊ ತೆಗೆದು ಫೋನಿನಲ್ಲಿಡಿ.

ವಾರಂಟಿ ಪತ್ರದಲ್ಲಿ ಏನು ಇಲ್ಲ ಎಂಬುದನ್ನು ಮೊದಲು ಓದಿ. ಹೋಟೆಲ್ ಖರ್ಚು, ಟೋ ಖರ್ಚು, ಹಾಳಾದ ರಜೆ ಇವಕ್ಕೆ ಸಾಮಾನ್ಯವಾಗಿ ಬಿಡಿಗಾಸೂ ಬರುವುದಿಲ್ಲ. ಟ್ರೈಲರನ್ನು ಬಾಡಿಗೆಗೆ ಕೊಟ್ಟಿದ್ದರೆ ಅಥವಾ ಅದರಲ್ಲೇ ಕಾಯಂ ವಾಸವಿದ್ದರೆ ಹಲವು ಕಂಪನಿಗಳ ವಾರಂಟಿ ರದ್ದು. ಡೀಲರ್ ಮಾರುವ 'ಎಕ್ಸ್‌ಟೆಂಡೆಡ್ ವಾರಂಟಿ' ಬಹುಮಟ್ಟಿಗೆ ಸರ್ವಿಸ್ ಕಾಂಟ್ರ್ಯಾಕ್ಟ್. ಅದರ ಹಿಂದಿರುವ ಕಂಪನಿಯೇ ಬೇರೆ, ಶರತ್ತುಗಳೂ ಬೇರೆ.

ಗ್ಯಾರೇಜಿಗೆ ಬಿಟ್ಟಾಗಲೆಲ್ಲ ರಿಪೇರಿ ಆರ್ಡರ್ ಪಡೆಯಿರಿ. ಒಳಬಂದ ದಿನ, ಹೊರಹೋದ ದಿನ, ನೀವು ಹೇಳಿದ ದೂರು, ಅವರು ಕಂಡ ಕಾರಣ, ಮಾಡಿದ ಕೆಲಸ ಅದರಲ್ಲಿರಲಿ. 'ಸಮಸ್ಯೆ ಕಾಣಲಿಲ್ಲ' ಎಂದು ಬರೆದು ಕಳಿಸಿದರೂ ಆ ಹಾಳೆ ಬೇಕು. ರಿಪೇರಿಯ ಪ್ರಯತ್ನಗಳನ್ನು ಎಣಿಸುವುದು ಇಂಥ ಹಾಳೆಗಳಿಂದಲೇ. 1975ರ ಮ್ಯಾಗ್ನುಸನ್-ಮಾಸ್ ಫೆಡರಲ್ ಕಾಯ್ದೆಯಡಿ ಗೆದ್ದ ಗ್ರಾಹಕರಿಗೆ ನ್ಯಾಯಾಲಯ ವಕೀಲರ ಶುಲ್ಕವನ್ನೂ ಕೊಡಿಸಬಹುದು. ಉಚಿತವಾಗಿ ಕೊಡದೆ ತಮ್ಮ ಬ್ರ್ಯಾಂಡಿನ ಭಾಗವನ್ನೇ ಹಾಕಬೇಕೆಂದು ವಾರಂಟಿಗೆ ಶರತ್ತು ಹಾಕುವುದನ್ನೂ ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ರಾಜ್ಯಗಳ ಲೆಮನ್ ಲಾ (ಪದೇಪದೇ ಕೆಡುವ ಹೊಸ ಗಾಡಿ ಕೊಂಡವರಿಗೆ ಪರಿಹಾರ ಕೊಡಿಸುವ ಕಾನೂನು) ಮಾತ್ರ ಒಂದೊಂದು ಕಡೆ ಒಂದೊಂದು ಥರ. ಟೆಕ್ಸಾಸ್‌ನ ಕಾನೂನು ಎಳೆಯುವ ಆರ್‌ವಿಗಳನ್ನೂ ಸೇರಿಸಿಕೊಂಡಿದೆ, ಹಲವು ರಾಜ್ಯಗಳಲ್ಲಿ ಎಂಜಿನ್ ಇಲ್ಲದ ಟ್ರೈಲರ್‌ಗೆ ಜಾಗವೇ ಇಲ್ಲ. ಮೊಕದ್ದಮೆ ಇಂಡಿಯಾನಾದಲ್ಲೇ, ಇಂತಿಷ್ಟು ತಿಂಗಳೊಳಗೇ ಹೂಡಬೇಕು ಎಂಬ ಸಾಲು ವಾರಂಟಿ ಪತ್ರದಲ್ಲಿದೆಯೇ ನೋಡಿಕೊಳ್ಳಿ.

ಆಕ್ಸಲ್, ಬ್ರೇಕ್, ಟೈರ್, ಗ್ಯಾಸ್‌ನಂಥ ಸುರಕ್ಷತೆಯ ದೋಷವಾದರೆ ಇನ್ನೊಂದು ದಾರಿಯಿದೆ. ರಾಷ್ಟ್ರೀಯ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ 17 ಅಕ್ಷರಗಳ ವಿಐಎನ್ ಹಾಕಿ ರಿಕಾಲ್ (ದೋಷ ಸರಿಪಡಿಸಲು ತಯಾರಕರು ವಾಪಸ್ ಕರೆಯುವುದು) ಇದೆಯೇ ನೋಡಿ. ರಿಕಾಲ್ ಕೆಲಸಕ್ಕೂ ವಾರಂಟಿ ಅವಧಿಗೂ ಸಂಬಂಧವಿಲ್ಲ. ವಾರಂಟಿ ಮುಗಿದಿದ್ದರೂ, ಟ್ರೈಲರ್ ಸೆಕೆಂಡ್ ಹ್ಯಾಂಡ್ ಆಗಿದ್ದರೂ, ಮೊದಲ ಮಾರಾಟದಿಂದ 15 ವರ್ಷದವರೆಗೆ ತಯಾರಕರು ಪುಕ್ಕಟೆ ಸರಿಮಾಡಿಕೊಡಬೇಕು. ಟೈರ್‌ಗೆ ಈ ಅವಧಿ 5 ವರ್ಷ. ರಿಕಾಲ್ ಇಲ್ಲದಿದ್ದರೆ ಅಲ್ಲೇ ದೂರು ದಾಖಲಿಸಿ, ಆ ದೂರಿನ ಸಂಖ್ಯೆಯನ್ನು ತಯಾರಕರಿಗೆ ಬರೆಯುವ ಮುಂದಿನ ಇಮೇಲ್‌ನ ಮೊದಲ ಸಾಲಿನಲ್ಲೇ ಹಾಕಿ.