ಪರಿಸರ ಆರೋಗ್ಯದಲ್ಲಿ ಪಿಜಿ: ಎಲ್ಲಿಂದ ಶುರು ಮಾಡಬೇಕು?

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಗಲ್ಲಿಗಳಿವೆ. ಕನ್ಸರ್ವೆನ್ಸಿ ಗಲ್ಲಿ ಅಂತಾರೆ. ಅವು ಸುಮ್ನೆ ಬಿಟ್ಟ ಜಾಗವಲ್ಲ, ಮನೆಗಳ ಕಸ, ಹೊಲಸು ಹಿಂದಿನಿಂದಲೇ ಸಾಗಿಸಲು ಬಿಟ್ಟದ್ದು. 1890ರ ದಶಕದ ಕೊನೆಗೆ ಪ್ಲೇಗ್ ಬಂದು ಊರನ್ನೇ ಅಲ್ಲಾಡಿಸಿತು. 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡ್ ಹುಟ್ಟಿತು. ಮನೆ, ಚರಂಡಿ, ಇಲಿ, ಕಾಯಿಲೆ: ಇವುಗಳ ನಂಟು ಹುಡುಕುವ ಓದಿಗೆ ಇವತ್ತು ಪರಿಸರ ಆರೋಗ್ಯ ವಿಜ್ಞಾನ ಅನ್ನುತ್ತೇವೆ.

ಬಿಎಸ್ಸಿ ಮುಗಿಸಿದವರು ಕೇಳುವ ಮೊದಲ ಪ್ರಶ್ನೆ, ಯಾವ ಕಾಲೇಜು ಸೇರಲಿ ಅಂತ. ಅದು ಎರಡನೆಯ ಹೆಜ್ಜೆ. ಮೊದಲು ನಿಮ್ಮ ಊರಿನ ಒಂದು ತೊಂದರೆ ಹಿಡಿಯಿರಿ.

ಮಂಡ್ಯದ ಆಲೆಮನೆಯನ್ನೇ ನೋಡಿ. ಕೊಪ್ಪರಿಗೆಯ ಕೆಳಗೆ ಕಬ್ಬಿನ ರಚ್ಚು, ಅಂದರೆ ರಸ ಹಿಂಡಿ ಉಳಿದ ಸಿಪ್ಪೆ, ಉರಿಯುತ್ತದೆ. ಕೆಲವು ಕಡೆ ಹಳೇ ಟೈರೂ ಒಲೆಗೆ ಬೀಳುತ್ತದೆ. ಆ ಹೊಗೆಯಲ್ಲಿ ಏನಿದೆ? ಒಲೆಗೆ ರಚ್ಚು ತಳ್ಳುವವರ ಎದೆಗೆ ಅದು ಎಷ್ಟು ಹೋಗುತ್ತದೆ? ಅವರ ಶ್ವಾಸಕೋಶಕ್ಕೆ ಏನಾಗಿದೆ? ಮೊದಲನೆಯದಕ್ಕೆ ಪರಿಸರ ವಿಜ್ಞಾನಿ ಸಾಕು. ಕೊನೆಯದಕ್ಕೆ ವೈದ್ಯರು ಬೇಕು. ನಡುವಿನದು ನಿಮ್ಮ ಕೆಲಸ. ಅದಕ್ಕೆ ಎಕ್ಸ್‌ಪೋಶರ್ ಅನ್ನುತ್ತಾರೆ.

ಈಗ ಕಾಲೇಜು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ. ಮೈಸೂರಿನದೇ ಜೆಎಸ್‌ಎಸ್ ಉನ್ನತ ಶಿಕ್ಷಣ ಅಕಾಡೆಮಿಯಲ್ಲಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಇದೆ. ಎಂಜಿನಿಯರಿಂಗ್ ಓದಿದವರು ಗೇಟ್‌ನ ಪರಿಸರ ಪತ್ರಿಕೆ ಬರೆದು ಎಂಟೆಕ್‌ಗೆ ಹೋಗಬಹುದು. ದೂರ ಹೋಗುವುದಾದರೆ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆ ನೋಡಿ. ಸೌದೆ ಒಲೆಯ ಹೊಗೆಯ ಬಗ್ಗೆ ಅಲ್ಲಿ ಬಹಳ ವರ್ಷಗಳಿಂದ ಕೆಲಸ ನಡೆದಿದೆ.

ಎಲ್ಲಿ ಸೇರಿದರೂ ಅರ್ಧ ಮಾತ್ರ ಸಿಗುತ್ತದೆ. ಎಂಎಸ್ಸಿ ನೀರು, ಗಾಳಿ, ಮಣ್ಣು ಅಳೆಯಲು ಕಲಿಸುತ್ತದೆ. ಎಂಪಿಎಚ್ ಜನರ ಕಾಯಿಲೆ ಲೆಕ್ಕ ಹಾಕಲು ಕಲಿಸುತ್ತದೆ. ಉಳಿದರ್ಧವನ್ನು ನೀವೇ ತುಂಬಿಕೊಳ್ಳಬೇಕು. ಎಂಎಸ್ಸಿಯವರು ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಅನ್ನುವ ಓದು), ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶ ಶಾಸ್ತ್ರ) ಕಲಿಯಿರಿ. ಆ ಲೆಕ್ಕಕ್ಕೆ ಆರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಎಂಪಿಎಚ್‌ನವರು ಲ್ಯಾಬಿಗೆ ಹೋಗಿ ಒಂದು ನೀರಿನ ಮಾದರಿಯನ್ನಾದರೂ ಸ್ವಂತ ಕೈಯಲ್ಲಿ ಪರೀಕ್ಷೆ ಮಾಡಿ.

ಈ ಎರಡರ್ಧ ಯಾಕೆ ಬೇಕು ಅಂತ ಒಂದು ಬೋರ್‌ವೆಲ್ ಹೇಳಿಕೊಡುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಸರಿ ಎನ್ನುತ್ತದೆ ಭಾರತೀಯ ಮಾನಕ. ನಿಮ್ಮ ಬೋರ್‌ವೆಲ್‌ನಲ್ಲಿ 2 ಬಂತು ಅಂದುಕೊಳ್ಳಿ. ವರದಿ ಬರೆದು ಮುಗಿಸಬಹುದು. ಆದರೆ ಆ ನೀರನ್ನು ಕುಡಿಯುವವರು ಯಾರು? ಎಷ್ಟೋ ಮನೆಗಳಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ನೀರು, ಮುದ್ದೆಗೆ, ಸಾರಿಗೆ ಬೋರ್ ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಕೂತು ಕೇಳಬೇಕು. ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡಬೇಕು. ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಬೀಳುವ ಕಲೆ ಈ ವರ್ಷದ ನೀರಿನ ಕತೆಯಲ್ಲ. ಒಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿದ್ದ ಎಳೆ ವಯಸ್ಸಿನ ನೀರಿನ ಕತೆ. ಹನ್ನೆರಡು ವರ್ಷದ ಮಗು ಆಗ ಯಾವ ಊರಿನಲ್ಲಿತ್ತು ಅಂತ ತಾಯಿಯನ್ನೇ ಕೇಳಬೇಕು, ಅಲ್ವಾ?

ಜನರನ್ನು ಹೀಗೆ ಕೇಳುವ ಮೊದಲು ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಕೊನೆಯ ಸೆಮಿಸ್ಟರ್‌ಗೆ ಬಿಡಬೇಡಿ, ಪ್ರಾಜೆಕ್ಟ್ ವಿಷಯ ಗೊತ್ತಾದ ತಕ್ಷಣ ಅರ್ಜಿ ಹಾಕಿ.

ಪಿಎಚ್‌ಡಿ ಮನಸ್ಸಿದ್ದರೆ ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ವಿಷಯವಿದೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ.

ಅಮೆರಿಕಕ್ಕೆ ಹೋಗುವವರು ಒಂದು ವ್ಯತ್ಯಾಸ ತಿಳಿದಿರಿ. ಅಲ್ಲಿ ಎಂಎಸ್ ಹೆಚ್ಚಾಗಿ ಸಂಶೋಧನೆಗೆ, ಎಂಪಿಎಚ್ ವೃತ್ತಿಗೆ. ಅರ್ಜಿಯ ಜೊತೆ ಯಾಕೆ ಓದಬೇಕು ಅಂತ ಹೇಳುವ ಉದ್ದೇಶ ಪತ್ರ ಬರೆಯಬೇಕು. ಚಿಕ್ಕಂದಿನಿಂದ ಪ್ರಕೃತಿ ಅಂದರೆ ಇಷ್ಟ ಅಂತ ಶುರು ಮಾಡಬೇಡಿ. ಆಲೆಮನೆಯಿಂದ ಶುರು ಮಾಡಿ. ಬರೆದಾದ ಮೇಲೆ ಒಲೆ ನೋಡಿಕೊಳ್ಳುವವರೊಬ್ಬರಿಗೆ ಅದನ್ನು ಕನ್ನಡದಲ್ಲಿ ಹೇಳಿ. "ಹೊಗೆ ಜಾಸ್ತಿ ಆಗೋದು ಒಲೆ ಹೊತ್ತಿಸೋವಾಗ" ಅಂತ ಅವರು ತಿದ್ದಿದರೆ, ಪತ್ರದಲ್ಲೂ ತಿದ್ದಿ.