ಮಡಚುವ ಸೈಕಲ್ ಕೊಳ್ಳುವ ವಿದ್ಯಾರ್ಥಿಗೆ

ಬೆಂಗಳೂರಿನ ಜ್ಞಾನಭಾರತಿ ಮೆಟ್ರೊ ನಿಲ್ದಾಣ ಮೈಸೂರು ರಸ್ತೆಯಲ್ಲಿದೆ. ಅಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಆವರಣ ಸಾವಿರಕ್ಕೂ ಹೆಚ್ಚು ಎಕರೆ ಹರಡಿಕೊಂಡಿರುವುದರಿಂದ, ರೈಲಿಳಿದ ಮೇಲೂ ವಿಭಾಗ ಮುಟ್ಟಲು ದೂರ ನಡೆಯಬೇಕಾದವರು ಬಹಳ ಮಂದಿ ಇದ್ದಾರೆ. ಕೋಣೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ತರಗತಿಗೆ ದಿನವೂ ಹೀಗೆ ಓಡಾಡುವ ವಿದ್ಯಾರ್ಥಿಗೆ ಮಡಚುವ ಸೈಕಲ್ ನಿಜವಾಗಿಯೂ ಅನುಕೂಲ. ಆದರೆ ಅದನ್ನು ಸಾಮಾನ್ಯ ಸೈಕಲ್ಲಿನಂತೆ ಓಡಿಸಿ ನೋಡಿದರಷ್ಟೇ ಸಾಲದು. ಮಡಚಿ, ಎತ್ತಿ, ಹೊತ್ತು ನೋಡಿಯೇ ಕೊಳ್ಳಬೇಕು.

ಮೊದಲು ಅಳತೆಯ ಮಾತು. 2021ರಲ್ಲಿ ನಮ್ಮ ಮೆಟ್ರೊದಲ್ಲಿ ಮಡಚುವ ಸೈಕಲ್ಲಿಗೆ ಅನುಮತಿ ಸಿಕ್ಕಾಗ ವಿಧಿಸಿದ ಮಿತಿ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಮತ್ತು 15 ಕಿಲೋ ತೂಕ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 20 ಇಂಚಿನ ಚಕ್ರದ ಸೈಕಲ್. ಅದರ ಟಯರಿನ ಬದಿಯಲ್ಲಿ 47-406 ಎಂದು ಬರೆದಿದ್ದರೆ ರಿಮ್ಮಿನ ವ್ಯಾಸ 406 ಮಿ.ಮೀ., ಎರಡು ಬದಿಯ ಟಯರು ಸೇರಿ ಸುಮಾರು 500 ಮಿ.ಮೀ. ಎಂದರ್ಥ. ಅಂದರೆ ಚಕ್ರವೊಂದೇ 50 ಸೆಂ.ಮೀ. ಆಗಿ, 45ರ ಮಿತಿಯನ್ನು ದಾಟಿಬಿಡುತ್ತದೆ. ಲಕ್ಷ ರೂಪಾಯಿ ಮೀರಿದ ಬೆಲೆಯ, ಬಹಳ ಚಿಕ್ಕದಾಗಿ ಮಡಚಿಕೊಳ್ಳುವ ಬ್ರಾಂಪ್ಟನ್ ಸೈಕಲ್ ಕೂಡ ಮಡಚಿದಾಗ ಸುಮಾರು 64 ಸೆಂ.ಮೀ. ಉದ್ದ, 58 ಸೆಂ.ಮೀ. ಎತ್ತರ ಇರುತ್ತದೆ. ಆದ್ದರಿಂದ ಮೆಟ್ರೊವನ್ನೇ ನಂಬಿ ಕೊಳ್ಳುವವರು ಮನಸ್ಸಿನಲ್ಲಿರುವ ಮಾದರಿಯ ಮಡಚಿದ ಅಳತೆಯನ್ನು ಬರೆದುಕೊಂಡು, ತಾವು ದಿನವೂ ಹತ್ತುವ ಮತ್ತು ಇಳಿಯುವ ಎರಡೂ ನಿಲ್ದಾಣಗಳ ಸಿಬ್ಬಂದಿಯನ್ನು ಕೇಳಿ, ಒಪ್ಪಿಗೆ ಖಚಿತವಾದ ಮೇಲೆಯೇ ಹಣ ಕೊಡಬೇಕು. ಒಂದು ಕಡೆ ಒಪ್ಪಿ ಇನ್ನೊಂದು ಕಡೆ ತಡೆದರೆ ಪರೀಕ್ಷೆಯ ದಿನ ಪೇಚಾಟವಾಗುತ್ತದೆ.

ತೂಕದ ವಿಷಯದಲ್ಲಿ ನಾನು ಒಮ್ಮೆ ಮೋಸಹೋಗಿದ್ದೇನೆ. ಚೀಟಿಯಲ್ಲಿ 13 ಕಿಲೋ ಎಂದಿದ್ದ ಸೈಕಲ್ಲಿಗೆ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೀಗ ಎಲ್ಲವೂ ಸೇರಿದಾಗ 16 ಕಿಲೋ ಮುಟ್ಟಿತ್ತು. ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು ಅದನ್ನು ಮೂರನೆಯ ಮಹಡಿಗೆ ಹೊತ್ತ ಮೊದಲ ದಿನವೇ ಬಲಗೈ ಸೋತುಹೋಯಿತು. ನೀವು ಅಂಗಡಿಗೆ ಹೋಗುವಾಗ ಕಾಲೇಜಿಗೆ ಒಯ್ಯುವ ಚೀಲವನ್ನೇ ತುಂಬಿಕೊಂಡು ಹೋಗಿ, ಸೈಕಲ್ಲನ್ನು ಮಡಚಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿಯಿರಿ. ಮಡಚಿದ ಸೈಕಲ್ಲನ್ನು ನೆಲದ ಮೇಲೆ ತಳ್ಳಿಕೊಂಡು ಹೋಗಲಾಗುತ್ತದೆಯೇ ಎಂಬುದನ್ನೂ ನೋಡಿ. ಉದ್ದದ ಪ್ಲಾಟ್‌ಫಾರಂನಲ್ಲಿ ಅದು ದೊಡ್ಡ ಉಪಕಾರ.

ಸುರಕ್ಷತೆಯೆಲ್ಲ ಕೀಲಿನಲ್ಲಿದೆ. ಚೌಕಟ್ಟಿನ ನಡುವಿನ ಕೀಲು ಮತ್ತು ಹ್ಯಾಂಡಲ್ ಕಂಬದ ಬುಡದ ಕೀಲು, ಎರಡಕ್ಕೂ ಲಿವರ್ ಜೊತೆಗೆ ಅದು ತಾನಾಗಿ ತೆರೆದುಕೊಳ್ಳದಂತೆ ಇನ್ನೊಂದು ಚಿಲಕ ಇರಬೇಕು. ಲಿವರ್ ಬಿಗಿದು, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿ. ಕೀಲಿನ ಮೇಲೆ ಬೆರಳಿಟ್ಟಾಗ ಒಂದಿಷ್ಟು ಅಲುಗಾಟ ಸಿಕ್ಕಿದರೂ ಅಲ್ಲೇ ಸರಿಪಡಿಸಿ ಕೊಡುವಂತೆ ಕೇಳಿ, ಸರಿಯಾಗದಿದ್ದರೆ ಬಿಟ್ಟುಬಿಡಿ. ಹಳೆಯ ಸೈಕಲ್ ಕೊಳ್ಳುವವರು ಕೀಲಿನ ಸುತ್ತ ಬೆಸುಗೆಯ ಬಳಿ ಕೂದಲೆಳೆಯಂಥ ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಜೊತೆಗೆ ಬಿಲ್ಲಿನಲ್ಲಿರುವ ಫ್ರೇಮ್ ಸಂಖ್ಯೆಯೂ ಸೈಕಲ್ಲಿನ ಮೇಲಿರುವುದೂ ಒಂದೇ ಆಗಿರಬೇಕು.

ಎತ್ತರದವರು ಸೀಟಿನ ಕಂಬವನ್ನು ಪರೀಕ್ಷಿಸದೆ ಕೊಳ್ಳಬಾರದು. ಪೆಡಲ್ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ಬಹುಮಟ್ಟಿಗೆ ನೇರವಾಗಬೇಕು. ಅಷ್ಟು ಎತ್ತರಿಸಿದಾಗಲೂ, ಇದಕ್ಕಿಂತ ಮೇಲೆ ಎಳೆಯಬಾರದೆಂದು ಕಂಬದ ಮೇಲೆ ಕೊರೆದಿರುವ ಗೆರೆ ಕೊಳವೆಯೊಳಗೇ ಉಳಿಯಬೇಕು.

ಗೇರ್ ಆರು ಅಥವಾ ಏಳು ಇದ್ದರೆ ಬೆಂಗಳೂರಿನ ಏರುಗಳಿಗೆ ಸಾಕು. ಟಯರಿನ ವಿಷಯದಲ್ಲಿ 20 ಇಂಚಿನ 406 ಅಳತೆಯೇ ಕ್ಷೇಮ, ಏಕೆಂದರೆ ಮಕ್ಕಳ ಸೈಕಲ್ಲಿಗೂ ಇದೇ ಅಳತೆ ಇರುವುದರಿಂದ ಟ್ಯೂಬು ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. 16 ಇಂಚಿನಲ್ಲಿ 305 ಮತ್ತು 349 ಎಂಬ ಎರಡು ಅಳತೆಗಳಿವೆ, ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಅದನ್ನು ಕೊಳ್ಳುವುದಾದರೆ ಟಯರು, ಟ್ಯೂಬು ಒಂದೊಂದು ಹೆಚ್ಚಾಗಿ ತಂದಿಟ್ಟುಕೊಳ್ಳಿ.

ತಂದ ಮೇಲೆ ಒಂದು ವಾರ ಮನೆಯಲ್ಲೇ ಮಡಚುವ ಅಭ್ಯಾಸ ಮಾಡಿ. ಚೈನ್ ಒಳಬದಿಗೆ ಬರುವಂಥ ಮಾದರಿಯಾದರೆ ಪಕ್ಕದವರ ಬಟ್ಟೆಗೆ ಗ್ರೀಸ್ ತಾಗದು. ಹೊರಬದಿಗೆ ಉಳಿಯುವುದಾದರೆ ದಪ್ಪ ಬಟ್ಟೆಯ ಚೀಲ ಹೊಲಿಸಿಕೊಂಡು ಅದರೊಳಗಿಟ್ಟೇ ರೈಲು ಹತ್ತಿ. ಮೊದಲ ತಿಂಗಳು ವಾರಕ್ಕೊಮ್ಮೆ ಕೀಲುಗಳನ್ನೂ ಪೆಡಲ್‌ಗಳನ್ನೂ ಸ್ಪ್ಯಾನರಿನಿಂದ ಮುಟ್ಟಿ ನೋಡಿ. ಹೊಸ ಸೈಕಲ್ಲಿನಲ್ಲಿ ಅವು ಸಡಿಲವಾಗುವುದು ಹೆಚ್ಚಾಗಿ ಆಗಲೇ.